ಹದ ಕೊಟ್ಟ ಸೂಜಿ

ನಾನು ಮಿಸುಕಿರಲಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದನ್ನು ಓದುವವರು ಆಮೇಲೆ ಓದಲಿ. ಇಂಜೆಕ್ಷನ್ ಕೊಡುವಾಗ ನಾನು ಮಿಸುಕಿದೆ, ಅದಕ್ಕೇ ಸೂಜಿ ಮುರಿಯಿತು ಎಂದು ಗಜೇಂದ್ರಗಡದ ಅರ್ಧ ಊರು ಹೇಳಿತು. ಹೇಳಿದವರಲ್ಲಿ ಬಹಳ ಮಂದಿ ಇವತ್ತಿಲ್ಲ. ಇದ್ದಿದ್ದರೆ ಒಬ್ಬೊಬ್ಬರ ಮನೆ ಬಾಗಿಲಲ್ಲೂ ನಿಂತು ಇದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಯಾರಿಗೆ ಇಳಿದಿದೆಯೋ ನನಗೆ ತಿಳಿಯದು.

ಐವತ್ತರ ದಶಕದ ಮಾತು. ನನ್ನ ತವರು ಹೊಳೆಆಲೂರು. ಅಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಗಜೇಂದ್ರಗಡದ ನೇಕಾರರ ಮನೆಗೆ ಸೊಸೆಯಾಗಿ ಬಂದಿದ್ದೆ. ಮನೆಯಲ್ಲಿ ಅತ್ತೆ, ಗಂಡ, ನಾನು, ಎರಡು ಮಗ್ಗ. ಗಂಡ ಒಂದರಲ್ಲಿ ಕೂತರೆ ನಾನು ಇನ್ನೊಂದರಲ್ಲಿ. ಕುಣಿಮಗ್ಗ ನೋಡದವರಿಗೆ ಹೇಳುತ್ತೇನೆ: ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಂಡೆ ಊರಿ ಕೂತು, ಕಾಲು ಕೆಳಗೆ ಇಳಿಬಿಟ್ಟು, ಒಂದಾದ ಮೇಲೊಂದು ಹಲಗೆ ತುಳಿಯುತ್ತಾ ಲಾಳಿ ಓಡಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಮೈಯ ಭಾರವೆಲ್ಲ ಕುಂಡೆಯ ಮೇಲೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಯಾಕೆಂದರೆ ನಾಚಿಕೆಯಿಂದಲೇ ಇಷ್ಟೆಲ್ಲ ಆಯಿತು.

ಆ ದಿನಗಳಲ್ಲಿ ಸೂಜಿ ಅಂದರೆ ಜನರಿಗೆ ಹುಚ್ಚು. ಗುಳಿಗೆ ಕೊಟ್ಟು ಕಳಿಸಿದವನನ್ನು ಡಾಕ್ಟರ್ ಎಂದು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನೆಗಡಿಗೆ ಸೂಜಿ, ನಿಶ್ಶಕ್ತಿಗೆ ಸೂಜಿ, ಮಂಡಿ ನೋವಿಗೆ ಸೂಜಿ. ನಮ್ಮ ಪೇಟೆಯಲ್ಲಿ ಸೂಜಿ ಹಾಕುತ್ತಿದ್ದವನು ಮೊದಲು ಎಲ್ಲೋ ಕಂಪೌಂಡರ್ ಆಗಿದ್ದವನಂತೆ. ಇಲ್ಲಿಗೆ ಬಂದು ಒಂದು ಅಂಗಡಿಗೆ ದವಾಖಾನೆ ಎಂದು ಬೋರ್ಡು ಹಾಕಿದ ಮೇಲೆ ಎಲ್ಲರ ಬಾಯಲ್ಲೂ ‘ಡಾಕ್ಟರ್ ಸಾಹೇಬ್ರು’. ಸಂತೆಯ ದಿನ ರೋಣಕ್ಕೂ ನರಗುಂದಕ್ಕೂ ಚರ್ಮದ ಚೀಲ ಹಿಡಿದು ಹೋಗುತ್ತಿದ್ದ. ಆ ಚೀಲದಲ್ಲಿ ಅವನ ಸೂಜಿಗಳು ಮೂರೂರಿನ ಮೈ ತಿರುಗಿ ಬರುತ್ತಿದ್ದವು.

ಸೂಜಿ ಅಂದರೆ ಈಗಿನಂತೆ ಒಮ್ಮೆ ಚುಚ್ಚಿ ಬಿಸಾಡುವುದಲ್ಲ. ತುಕ್ಕು ಹಿಡಿಯದ ಬಿಳಿ ಉಕ್ಕಿನ ಸೂಜಿ, ವರ್ಷಗಟ್ಟಲೆ ನಡೆಯಬೇಕು. ಮೊಂಡಾದರೆ ಅವನೇ ಕಲ್ಲಿಗೆ ತಿಕ್ಕಿ ಮೊನೆ ಮಾಡುತ್ತಿದ್ದ. ಬಾಗಿದರೆ ಚಿಮಟದಲ್ಲಿ ಹಿಡಿದು ನೆಟ್ಟಗೆ ಮಾಡುತ್ತಿದ್ದ. ಅದಾದ ಮೇಲೆ ನಡೆಯುವುದನ್ನು ನೋಡಲಿಕ್ಕೆಂದೇ ಜನ ಬಾಗಿಲಲ್ಲಿ ಕತ್ತು ಚಾಚುತ್ತಿದ್ದರು. ಸ್ಪಿರಿಟ್ ದೀಪದ ಮೇಲೆ ಸೂಜಿಯನ್ನು ಕೆಂಪಗೆ ಕಾಯಿಸಿ ನೀರಿನ ಬಟ್ಟಲಿಗೆ ಅದ್ದುತ್ತಿದ್ದ. ಚುಸ್ ಎನ್ನುತ್ತಿತ್ತು. “ಹದ ಕೊಟ್ಟೆ ನೋಡ್ರಿ. ಈಗ ಕುಡಗೋಲಿನಂಗ ಗಟ್ಟಿ” ಎನ್ನುತ್ತಿದ್ದ. ಜನ ಹೌದೌದು ಎಂದು ಗೋಣು ಹಾಕುತ್ತಿದ್ದರು. ಹಾಕದೆ ಏನು? ಕುಡಗೋಲಾಗಲಿ ಕೊಡಲಿಯಾಗಲಿ, ಕಂಬಾರ ಕಾಯಿಸಿ ನೀರಿಗದ್ದಿ ಹದ ಕೊಡುವುದನ್ನು ನೋಡುತ್ತಲೇ ಬೆಳೆದವರು ನಾವು. ಕಬ್ಬಿಣಕ್ಕೆ ಹದ ಬೇಕು ಎಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ಈ ಬಿಳಿ ಉಕ್ಕು ಆ ಜಾತಿಯದೇ ಅಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಗೊತ್ತಿಲ್ಲದ್ದು ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು.

ಅದ್ದುವ ನೀರೂ ಕುದಿಸುವ ನೀರೂ ಅಂಗಡಿ ಹಿಂದಿನ ಬಾವಿಯದು, ಸವಳು ನೀರು. ಬೇಳೆ ಬೇಯುತ್ತಿರಲಿಲ್ಲ ಅದರಲ್ಲಿ. ಬಟ್ಟಲಿನ ಒಳಗೋಡೆಗೆ ಉಪ್ಪು ಬೆಳ್ಳಗೆ ಕಟ್ಟಿರುತ್ತಿತ್ತು. ಸಿಹಿನೀರು ಹೊತ್ತು ತಂದದ್ದು ಕುಡಿಯಲಿಕ್ಕೆ. ಸೂಜಿಗೆ ಸಿಹಿನೀರು ಯಾರು ಕೊಡುತ್ತಾರೆ?

ನನಗೆ ಜ್ವರ ಬಂದು ಕೆಮ್ಮು ಹಿಡಿದಾಗ ಅತ್ತೆಯೇ ಕರೆದುಕೊಂಡು ಹೋದರು. ಮೇಜು ಹಿಡಿದು, ಗೋಡೆಯ ಕಡೆ ಮುಖ ಮಾಡಿ ನಿಂತೆ. ಪರಗಂಡಸಿನ ಮುಂದೆ ಸೀರೆಯ ನೆರಿಗೆ ಸಡಿಲಿಸಿ ನಿಲ್ಲುವ ಹೆಣ್ಣುಮಗಳು ಮಿಸುಕುತ್ತಾಳೆಯೇ? ಉಸಿರು ಸಹ ಬಿಗಿಹಿಡಿದಿದ್ದೆ. ಸೂಜಿ ಒಳಗೆ ಹೋಯಿತು, ಔಷಧ ಉರಿಯುತ್ತಾ ಇಳಿಯಿತು. ಆಮೇಲೆ ಒಳಗೆ ಟಕ್ ಎಂದಿತು. ಕಿವಿಗೆ ಕೇಳಿಸಲಿಲ್ಲ, ಮೈಗೆ ಕೇಳಿಸಿತು. ತಿರುಗಿ ನೋಡಿದರೆ ಅವನ ಕೈಯ ಪಿಚಕಾರಿಯ ತುದಿಯಲ್ಲಿ ಸೂಜಿಯ ಬುಡದ ತುಣುಕಷ್ಟೇ ಇತ್ತು.

“ಏ, ಮಿಸುಕಿದಿಯಲ್ಲ! ಮಿಸುಕಬ್ಯಾಡ ಅಂತ ಹೇಳಿದ್ನೋ ಇಲ್ಲೋ?”

“ನಾ ಮಿಸುಕಿಲ್ರಿ. ಒಳಗ ಉಳದೈತ್ರಿ ಸೂಜಿ.”

ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದೇನೆ. ಮೇಜಿನ ಕೆಳಗೆ ಬಗ್ಗಿದ. ಮೂಲೆಯ ಕಸದಲ್ಲಿ ಬೆರಳಾಡಿಸಿ ಒಂದು ಉಕ್ಕಿನ ತುಣುಕು ಎತ್ತಿ ಹಿಡಿದ. “ಒಳಗ ಏನೂ ಇಲ್ಲ. ಎಳೆಯುವಾಗ ಮುರದು ಇಲ್ಲೇ ಬಿದ್ದೈತಿ ನೋಡ್ರಿ” ಎಂದು ಅತ್ತೆಗೆ ತೋರಿಸಿದ. ತುಣುಕಿಗೆ ಧೂಳು ಮೆತ್ತಿತ್ತು. ಈಗಷ್ಟೇ ಬಿದ್ದದ್ದಕ್ಕೆ ಅಷ್ಟು ಧೂಳು ಹೇಗೆ ಬರುತ್ತದೆ ಎಂದು ಕೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ಹೊರಗೆ ಎಳೆದರು. “ಸಾಹೇಬ್ರು ಸುಳ್ಳ ಹೇಳ್ತಾರೇನ? ಮಂದಿ ಮುಂದ ಮಾನ ಕಳೀಬ್ಯಾಡ, ನಡಿ.”

ಜ್ವರ ಇಳಿಯಿತು. ನೋವು ಇಳಿಯಲಿಲ್ಲ. ಬಲಗಡೆ ಊರಿ ಕೂತರೆ ಒಳಗಿನಿಂದ ಯಾರೋ ಚುಚ್ಚಿದ ಹಾಗೆ. ಹಲಗೆ ತುಳಿದಾಗಲೆಲ್ಲ ಅದು ಸರಿದ ಹಾಗೆ. ಎಡಕ್ಕೆ ವಾಲಿ ಕೂತು ನೇಯ್ದೆ. ವಾಲಿ ಕೂತವಳ ಕೈ ಸಮ ಬೀಳುತ್ತದೆಯೇ? ಸೀರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಅತ್ತೆ ಬಂದು ನೋಡಿದರು. “ಕುಣೀಲಾರದಾಕಿ ಅಂಗಳ ಡೊಂಕು ಅಂದ್ಳಂತ. ಸಾಲಿ ಕಲ್ತಾಕಿಗೆ ಮಗ್ಗ ಬ್ಯಾಡಾಗೈತಿ, ಅದಕ್ಕ ಸೂಜಿ ನೆಪ” ಎಂದರು. ಗಂಡನ ಕಡೆ ನೋಡಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳಕ್ಕಾದರೂ ಒಬ್ಬರಿರುತ್ತಿದ್ದರು. ಲಾಳಿ ನಿಲ್ಲಿಸದೆಯೇ “ಹೋಗ್ಲಿ ಬಿಡ, ಅವ್ವಗ ಎದುರಾಡಬ್ಯಾಡ” ಎಂದರು. ಹೋಗ್ಲಿ ಬಿಡ! ಎಲ್ಲಿಗೆ ಹೋಗುತ್ತದೆ ಅದು? ನನ್ನ ಮೈಯೊಳಗೇ ತಾನೇ ಹೋಗುವುದು?

ನೀರಿಗೆ ಹೋದರೆ ಅಲ್ಲಿಯೂ ಅದೇ. “ಮಿಸುಕಿದ್ಯಂತಲ್ಲವಾ, ಸಾಹೇಬ್ರ ಸೂಜಿ ಹಾಳ ಮಾಡಿದ್ಯಂತ” ಎಂದು ನಕ್ಕರು. ಸೂಜಿ ಹಾಳಾದದ್ದಕ್ಕೆ ಮರುಗುವವರಿದ್ದರು. ನೋವಿಗಿಂತ ಆ ಒಂದು ಮಾತು ನನ್ನನ್ನು ಸುಡುತ್ತಿತ್ತು. ಕುಂಟುವುದಾದರೆ ಕುಂಟಿಯೇನು, ಆದರೆ ಮಿಸುಕಿದವಳು ಎನ್ನಿಸಿಕೊಂಡು ಕುಂಟಲಾರೆ ಎಂದು ಒಂದು ದಿನ ಲಾಳಿ ಕೆಳಗಿಟ್ಟೆ. ಗಂಟು ಕಟ್ಟಿಕೊಂಡು ತವರಿಗೆ ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು ಏನೇನೋ ಅಂದರು. ಬರೆಯುವಂಥದ್ದಲ್ಲ.

ಹೊಳೆಆಲೂರಲ್ಲಿ ಅಪ್ಪನೂ ನೇಕಾರನೇ. ನಾನು ಕೂರುವ ರೀತಿ ನೋಡಿದೊಡನೆ ಮಗ್ಗದಿಂದ ಎದ್ದು ಬಂದ. “ಯವ್ವಾ, ನೀ ಮಿಸುಕಿದ್ಯೋ ಇಲ್ಲೋ, ಅದು ನನಗ ಬ್ಯಾಡ. ನೋಯ್ತೈತಿ ಅಂತಿಯಲ್ಲ, ಅಷ್ಟ ಸಾಕು. ನಡಿ ಗದಗಿಗೆ.” ಒಳ್ಳೆಯ ಮಾತೇ. ಆದರೂ ರೈಲಿನಲ್ಲಿ ಕೂತು ದಾರಿಯುದ್ದಕ್ಕೂ ಅಪ್ಪನ ಮೇಲೆಯೇ ಉರಿದುಕೊಂಡೆ. ಮಿಸುಕಿದ್ಯೋ ಇಲ್ಲೋ ಅಂತೆ! ನೀ ಮಿಸುಕಿಲ್ಲ ಎನ್ನಲು ಹೆತ್ತ ಅಪ್ಪನಿಗೂ ನಾಲಿಗೆ ಹೊರಳಲಿಲ್ಲವಲ್ಲ.

ಗದಗಿನ ದವಾಖಾನೆಯಲ್ಲಿ ಒಬ್ಬರು ಹೆಣ್ಣು ಡಾಕ್ಟರಿದ್ದರು. ಅವರನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಕತೆ ಪೂರ್ತಿ ಕೇಳಲಿಲ್ಲ, ಮೊದಲು ಎಕ್ಸ್‌ರೇ ತೆಗೆಸಿದರು. ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಎಲುಬಿನ ಪಕ್ಕದಲ್ಲಿ ಬೆಳ್ಳಗೆ, ಸಣ್ಣಗೆ, ನೆಟ್ಟಗೆ ಒಂದು ಗೆರೆ.

ನಾನು ಅತ್ತುಬಿಟ್ಟೆ. ನೋವಿಗೆ ಒಂದು ದಿನವೂ ಅತ್ತವಳಲ್ಲ. ಆ ಗೆರೆ ಕಂಡು ಸಿಟ್ಟಿಗೆ ಅತ್ತದ್ದು.

ಮರುದಿನ ಕೊಯ್ದು ತೆಗೆದರು. ಎದ್ದು ಕೂರುವಂತಾದಾಗ ನಾನು ಕೇಳಿದ ಮೊದಲ ಮಾತು, “ಬಾಯಾರ, ನಾ ಮಿಸುಕಿದ್ರ ಸೂಜಿ ಮುರೀತೈತೇನ್ರಿ?” ಅವರು ಹೋಗಿ ತಮ್ಮ ಟ್ರೇಯಿಂದ ಒಂದು ಸೂಜಿ ತಂದರು. ನನ್ನ ಕಣ್ಣೆದುರು ಎರಡು ಕೈಯಲ್ಲಿ ಹಿಡಿದು ಬಾಗಿಸಿದರು. ಅದು ಬಿಲ್ಲಿನ ಹಾಗೆ ಬಾಗಿತು, ಮುರಿಯಲಿಲ್ಲ. ಇನ್ನಷ್ಟು ಒತ್ತಿದರು. ಡೊಂಕಾಯಿತೇ ಹೊರತು ಮುರಿಯಲಿಲ್ಲ.

“ಚಲೋ ಸೂಜಿ ಹಿಂಗ ಇರ್ತದ. ಪೇಷಂಟು ಹಾರಾಡಿದ್ರ ಬಾಗ್ತದ, ಅಷ್ಟ. ನಿನ್ನ ಮೈಯಾಗಿಂದು ಒಂದು ಕೂದಲೆಳೆಯಷ್ಟೂ ಬಾಗಿಲ್ಲ. ಬಾಗದನ ಮುರದದ. ಅಂದ್ರ ಅದು ಚುಚ್ಚೂಕಿಂತ ಮೊದಲ ಸತ್ತಿತ್ತು.”

ರಕ್ತ ನೋಡುವ ದುರ್ಬೀನಿನ ಕೆಳಗೆ ಆ ತುಣುಕನ್ನು ನಿಲ್ಲಿಸಿ, ಪಕ್ಕದಿಂದ ದೀಪ ಹಿಡಿದು ನನಗೂ ತೋರಿಸಿದರು. ಉಕ್ಕು ಅಂದರೆ ಒಳಗೂ ಹೊರಗೂ ಒಂದೇ ನುಣುಪು ಎಂದುಕೊಂಡಿದ್ದೆ. ಮುರಿದ ಬಾಯಿ ಹಾಗಿರಲಿಲ್ಲ. ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳು, ಮೂಲೆ ಮೂಲೆ. ಬಾಯಾರ ಅಣ್ಣ ಮುಂಬೈಯಲ್ಲಿ ಲೋಹ ಪರೀಕ್ಷೆ ಮಾಡುವ ಕೆಲಸದಲ್ಲಿದ್ದನಂತೆ. ಇಂಥವೇ ಮುರಿದ ಸೂಜಿಗಳನ್ನು ಅವನಿಗೆ ಕಳಿಸಿ ತಿಳಿದುಕೊಂಡಿದ್ದರು. ಉಕ್ಕೆಲ್ಲ ಕಾಳು ಕಾಳಾಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಸೂಜಿಯನ್ನು ಎಳೆದು ಎಳೆದು ಸಣ್ಣ ಮಾಡುವಾಗ ಆ ಕಾಳುಗಳೂ ಉದ್ದಕ್ಕೆ ಎಳೆದುಕೊಂಡು ಒತ್ತಾಗಿ ಕೂರುತ್ತವೆ, ಅದೇ ಅದರ ಗಟ್ಟಿತನ. ಕೆಂಪಗೆ ಕಾಯಿಸಿದರೆ ಆ ಬಿಗಿ ಹೋಗುತ್ತದೆ. ಅಷ್ಟೇ ಅಲ್ಲ, ತುಕ್ಕು ತಡೆಯುವ ಸತ್ವ ಕಾಳುಗಳ ಸಂದಿಯಲ್ಲಿ ಇಲ್ಲವಾಗುತ್ತದೆ. ಆಗ ಸವಳು ನೀರಿನ ಉಪ್ಪು ಆ ಸಂದಿಗಳನ್ನೇ ಹಿಡಿದು ತಿನ್ನುತ್ತದೆ. ಮೇಲೆ ನೋಡಿದರೆ ಫಳಫಳ, ಒಳಗೆ ಒಂದಕ್ಕೊಂದು ಕೈ ಬಿಟ್ಟ ಕಾಳುಗಳು. ಅದರ ಮೇಲೆ ಬಾಗಿಸಿ ನೆಟ್ಟಗೆ ಮಾಡಿದಾಗಲೆಲ್ಲ ಬಿರುಕು ಒಂದಿಷ್ಟು ಮುಂದೆ ಹೋಗುತ್ತದೆ.

“ಜಿಗಿ ಹೋದ ಹಿಟ್ಟಿನಂಗ್ರಿ” ಎಂದೆ. ಬೀಸಿ ಬಹಳ ದಿನವಾದ ಜೋಳದ ಹಿಟ್ಟು ನೋಡಲು ಹಿಟ್ಟೇ. ನಾದಿ ತಟ್ಟಿದರೆ ರೊಟ್ಟಿಯ ಅಂಚೆಲ್ಲ ಹರಿಯುತ್ತದೆ. ಬಾಯಾರು ನಕ್ಕರು. “ಹೌದು, ಜಿಗಿ ಹೋಗ್ಯದ. ಉಕ್ಕಿಗೂ ದಣಿವಾಗ್ತದ. ಓದಿದವರು ಅದಕ್ಕ ದಣಿವು ಅಂತನ ಹೆಸರಿಟ್ಟಾರ.”

ನನಗೆ ನಗು ಬರಲಿಲ್ಲ. ಉಕ್ಕಿಗೆ ದಣಿವಾಯಿತು ಎಂದರೆ ಓದಿದವರು ಒಪ್ಪುತ್ತಾರೆ, ಹೆಸರಿಡುತ್ತಾರೆ, ದುರ್ಬೀನು ಹಾಕಿ ನೋಡುತ್ತಾರೆ. ಸೊಸೆಗೆ ದಣಿವಾಯಿತು ಎಂದರೆ ನೆಪ.

“ಅವ ನೆಲದ ಮ್ಯಾಲಿಂದ ಒಂದು ತುಣುಕು ಎತ್ತಿ ತೋರಿಸಿದ್ನಲ್ರಿ, ಅದೇನ್ರಿ ಹಂಗಾದ್ರ?” ಎಂದು ಕೇಳಿದೆ.

ಬಾಯಾರ ನಗು ನಿಂತಿತು. “ನಿಂದು ನಿನ್ನೊಳಗ ಇತ್ತು. ಅದು ಮತ್ತೊಂದು ಸೂಜೀದು.”

ಅಂದರೆ ಮುರಿದದ್ದು ನನ್ನದೇ ಮೊದಲಲ್ಲ. ಮುರಿಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಾಯಿಸಿದ, ಅದ್ದಿದ, ಚುಚ್ಚಿದ, ರೋಣಕ್ಕೆ ಹೋದ, ನರಗುಂದಕ್ಕೆ ಹೋದ. ಅಲ್ಲಿ ಯಾವ ಯಾವ ಹೆಣ್ಣುಮಕ್ಕಳು ಒಂದು ಕಡೆ ವಾಲಿ ಕೂತು ಬೈಗುಳ ತಿನ್ನುತ್ತಿದ್ದರೋ! ಗಾಯ ಮಾಯುವವರೆಗೆ ಹಲ್ಲು ಕಚ್ಚಿ ಮಲಗಿದೆ.

ಗಜೇಂದ್ರಗಡದಲ್ಲಿ ಬಸ್ಸು ಇಳಿದವಳು ಗಂಟನ್ನು ಜೊತೆಗೆ ಬಂದಿದ್ದ ಅಪ್ಪನ ಕೈಗೆ ಕೊಟ್ಟು ಗಂಡನ ಮನೆಗೆ ಕಳಿಸಿದೆ. ನಾನು ಸೀದಾ ಪೇಟೆಗೆ ನಡೆದೆ. ದವಾಖಾನೆಯ ಕಟ್ಟೆಯ ಮೇಲೆ ಎಂದಿನಂತೆ ಜನ. ಒಳಗೆ ಬೆಂಚಿನ ಮೇಲೆ ನಮ್ಮ ಅತ್ತೆ ಕೂತಿದ್ದರು! ಕುಪ್ಪಸದ ತೋಳು ಮೇಲೇರಿಸಿಕೊಂಡು, “ಈ ತೋಳಿಗೆ ಬ್ಯಾಡ್ರಿ ಸಾಹೇಬ್ರ, ಇದು ಭಾಳ ನೋಯ್ತೈತಿ. ಆ ತೋಳಿಗೆ ಹಾಕ್ರಿ” ಎನ್ನುತ್ತಿದ್ದರು. ಬಟ್ಟಲಿನ ಪಕ್ಕ ಬಟ್ಟೆಯ ಮೇಲೆ ಹದ ಕೊಟ್ಟ ಸೂಜಿ ಆರಿಕೊಂಡು ಮಲಗಿತ್ತು.

“ಅತ್ತೀ, ಏಳ್ರಿ ಮ್ಯಾಲೆ” ಎಂದೆ.

ಅವನು ನನ್ನನ್ನು ನೋಡಿ ಮುಖ ಸಿಂಡರಿಸಿದ. “ಏನವಾ, ಮತ್ತ ಜ್ವರ ಬಂದಾವೇನ?”

“ನನ್ನ ಮೈಯಾಗಿಂದು ಸೂಜಿ ಗದಗಿನ್ಯಾಗ ತಗದ್ರು. ಎಲುಬಿನ ಮಗ್ಗಲಾಗಿತ್ತು. ನೀ ಕಸದಾಗಿಂದು ಎತ್ತಿ ತೋರಿಸಿದ್ಯಲ್ಲ, ಅದು ಯಾರದು?”

ಏಕವಚನ ಕೇಳಿ ಕಟ್ಟೆಯ ಮೇಲಿನವರು ಎದ್ದು ಬಂದರು. ಅವನು ಅವರ ಕಡೆ ತಿರುಗಿ ಕೈ ಚೆಲ್ಲಿದ. “ನೋಡ್ರಿ, ಮಿಸುಕಿದಾಕಿ ಈಕಿ, ಬೈಸಿಕೊಳ್ಳಾಂವ ನಾನು!” ಯಾರೋ ಒಬ್ಬ ದನಿಗೂಡಿಸಿದ, “ಊರಿಗೆಲ್ಲಾ ಹಾಕ್ಯಾರ ಸೂಜಿ, ನಿನಗೊಬ್ಬಾಕಿಗೇ ಯಾಕ ಮುರೀತವಾ?”

ಕೈ ಚಾಚಿ ಆ ಸೂಜಿ ಎತ್ತಿಕೊಂಡೆ. ಬಾಯಾರು ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ಎಲ್ಲರ ಮೂಗಿನ ಕೆಳಗೆ ತಂದೆ. “ನೋಡ್ರಿ, ಎಲ್ಲಾರೂ ನೋಡ್ರಿ. ಬಾಗಬೇಕು ಇದು.” ಹೆಬ್ಬೆರಳಿನಿಂದ ಒತ್ತಿದೆ. ಬಾಗಲಿಲ್ಲ. ಟಕ್ ಎಂದು ಎರಡು ತುಂಡಾಯಿತು.

“ಈಗ ಯಾರು ಮಿಸುಕಿದ್ರು? ಹೇಳ್ರಿ, ಯಾರು ಮಿಸುಕಿದ್ರು ಈಗ?”

ಊರು ನನ್ನ ಕಾಲಿಗೆ ಬಿತ್ತು ಎಂದುಕೊಳ್ಳಬೇಡಿ. “ಬೇಕಂತನ ಮುರದಾಳ” ಎಂದು ಅವನು ಕಿರುಚಿದ. ಜ್ವರದ ಕೂಸನ್ನು ಹೊತ್ತು ತಂದಿದ್ದ ಒಬ್ಬಳು “ನಿನ್ನ ಕೈ ಸೇದಿ ಹೋಗ್ಲಿ, ನನ್ನ ಕೂಸಿಗೆ ಈಗ ಯಾರು ಸೂಜಿ ಹಾಕ್ತಾರ?” ಎಂದು ನನ್ನನ್ನೇ ಶಪಿಸಿದಳು. ಮೂರ್ಖರೇ, ನಿಮ್ಮ ಮೈಯನ್ನೇ ಉಳಿಸುತ್ತಿದ್ದೇನೆ ಎಂದು ಕೂಗಬೇಕೆನ್ನಿಸಿತು. ಕೂಗಿದೆ ಕೂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ತುಂಡಾದ ಸೂಜಿಯನ್ನೇ ನೋಡುತ್ತಾ ಕೂತಿದ್ದವರು ಎದ್ದರು. ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದರು, ಅಂಗಡಿಯ ಮಗ್ಗುಲಿನ ಸಂದಿಗೆ. ಬೈಯುತ್ತಾರೆಂದು ನಾನು ಸಜ್ಜಾಗಿ ನಿಂತೆ. ನನ್ನ ಬಾಯಲ್ಲಿಯೂ ಮಾತು ತುಂಬಿತ್ತು. ಅವರು ಬೈಯಲಿಲ್ಲ. ನೋವಿದೆ ಎಂದಿದ್ದ ತೋಳನ್ನು ಬತ್ತಲು ಮಾಡಿ, ನನ್ನ ಬೆರಳುಗಳನ್ನು ಹಿಡಿದು ಅದರ ಮೇಲೆ ಒತ್ತಿದರು. ಚರ್ಮದ ಕೆಳಗೆ, ಮಾಂಸದಲ್ಲಿ, ಸಣ್ಣಗೆ ಗಟ್ಟಿಯಾದದ್ದೊಂದು ಬೆರಳಿಗೆ ತಾಕಿತು. ಒತ್ತಿದರೆ ಸರಿಯಿತು.

“ನೀ ಈ ಮನಿಗೆ ಬರೂಕಿಂತ ಮೊದಲಿಂದು” ಎಂದರು. “ಮಿಸುಕಿದಿ ಅಂದ ನನಗೂ. ಅಷ್ಟು ಮಂದಿ ಮುಂದ ಅಂದ. ಮಿಸುಕಿರಬೇಕು ಬಿಡು ಅಂತ ಯಾರಿಗೂ ಹೇಳಲಿಲ್ಲ.” “ನಾನೂ ಮಿಸುಕಿದ್ದಿಲ್ಲವಾ.”

ಇಲ್ಲಿ ಕರುಳು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಸುಳ್ಳು ಬರೆಯಲಾರೆ. ಅಷ್ಟು ಸಿಟ್ಟು ಆ ಕಂಪೌಂಡರನ ಮೇಲೆಯೂ ನನಗೆ ಬಂದಿರಲಿಲ್ಲ. ನಾನು ಕುಣಿಯ ಅಂಚಿನಲ್ಲಿ ವಾಲಿ ಕೂತು ಒದ್ದಾಡುವಾಗ, ಅಂಗಳ ಡೊಂಕು ಎಂದು ಆಡಿಕೊಂಡ ಈ ಹೆಂಗಸು ತನ್ನ ತೋಳಿನಲ್ಲಿ ಅದೇ ಉಕ್ಕು ಇಟ್ಟುಕೊಂಡು ಆಡಿಕೊಂಡಿದ್ದರು.

“ಹಂಗಿದ್ರ ನನಗ ಯಾಕ ಅಂದ್ರಿ?” ಎಂದು ಕೇಳಿದೆ. “ಗೊತ್ತಿದ್ದೂ ನನಗ ಯಾಕ ಅಂದ್ರಿ ಅತ್ತೀ?”

ಅವರು ಕುಪ್ಪಸದ ತೋಳು ಕೆಳಗೆ ಎಳೆದುಕೊಂಡರು. ನನ್ನ ಮುಖ ನೋಡಲಿಲ್ಲ.

“ನನಗೂ ಹಂಗ ಅಂದಿದ್ರಲ್ಲ” ಎಂದರು.

ನಾನು ಅವರ ನೋವಿಲ್ಲದ ರಟ್ಟೆ ಹಿಡಿದು ಅವರನ್ನು ಗದಗಿನ ಬಸ್ಸು ನಿಲ್ಲುವ ಕಡೆಗೆ ನಡೆಸಿದೆ.